ಕಪ್ಪೆ ತೊಟ್ಟ ಖಡ್ಗ

"ಇದನ್ನ ಇವತ್ತಿನ ಆಟಕ್ಕಿಡಿ ಮೇಷ್ಟ್ರೇ," ಎನ್ನುತ್ತ ನುಯಿ ಉದ್ದನೆಯ ರೇಷ್ಮೆ ಚೀಲವೊಂದನ್ನು ಚಾಪೆಯ ಮೇಲೆ ಮುಂದಕ್ಕೆ ಸರಿಸಿದಳು. "ಯಾರ ಮನೇದು ಅಂತ ಮಾತ್ರ ಬಾಯಿ ಬಿಡಬೇಡಿ."

ಕ್ಯೋಟೋದಿಂದ ಬೆಳಗಿನ ರೈಲಿಗೆ ಬಂದಿಳಿದಿದ್ದ ತೊಕುನಾಗ ಮೇಷ್ಟ್ರು ಚಹಾದ ಬಟ್ಟಲನ್ನು ಕೆಳಗಿಟ್ಟರು. ತ್ಸುಯಾಮಾ ಪಟ್ಟಣದ ಖಡ್ಗಪ್ರಿಯರ ಕೂಟವು ವರ್ಷಕ್ಕೊಮ್ಮೆ ಹೊರಗಿನಿಂದ ಒಬ್ಬ ತೀರ್ಪುಗಾರರನ್ನು ಕರೆಸಿ ಹೆಸರು ಹೇಳುವ ಆಟವನ್ನು ಏರ್ಪಡಿಸುತ್ತಿತ್ತು. ಹಿಡಿಯೊಳಗೆ ಅಡಗುವ, ಕಮ್ಮಾರನ ಹೆಸರು ಕೆತ್ತಿದ ಬುಡವನ್ನು ಬಟ್ಟೆಯಲ್ಲಿ ಸುತ್ತಿ ಮರೆಮಾಡಿ, ಬರಿಯ ಅಲಗನ್ನು ಮಾತ್ರ ಮುಂದಿಡುವುದು. ಉಕ್ಕನ್ನು ನೋಡಿಯೇ ಅದನ್ನು ಬಡಿದವನು ಯಾರೆಂದು ಚೀಟಿಯಲ್ಲಿ ಬರೆದು ಒಪ್ಪಿಸುವುದು. ಒಂದು ಅಲಗಿಗೆ ಮೂರು ಚೀಟಿಗಳ ಅವಕಾಶ. ಇನ್ನೊಂದು ಗಳಿಗೆಯಲ್ಲಿ ಇದೇ ಬೌದ್ಧ ವಿಹಾರದ ದೊಡ್ಡ ಸಭಾಂಗಣಕ್ಕೆ ಸದಸ್ಯರು ಬಂದು ಸೇರುವವರಿದ್ದರು. ಕೆಂಪು ಜಮಖಾನ ಹಾಸುವುದು, ಅಲಗುಗಳನ್ನು ಒರೆಸಿ ಅಣಿಗೊಳಿಸುವುದು ನುಯಿಯ ಕೆಲಸ.

ಮೇಷ್ಟ್ರು ಚೀಲದ ದಾರ ಬಿಚ್ಚಿದರು. ಒಳಗೆ ಯಾವ ಅಲಂಕಾರವೂ ಇಲ್ಲದ ಬಿಳಿಮರದ ಒರೆ. ಕೆಲಸವಿಲ್ಲದ ಖಡ್ಗ ಮಲಗುವುದು ಇಂಥ ಒರೆಯಲ್ಲೇ. ಉಸಿರಿನ ತೇವ ಉಕ್ಕಿಗೆ ತಾಗದಂತೆ ಮಡಿಸಿದ ಕಾಗದವೊಂದನ್ನು ತುಟಿಗಳ ನಡುವೆ ಕಚ್ಚಿಕೊಂಡು ಅವರು ಅಲಗನ್ನು ಹೊರಗೆಳೆದರು. ಕಿಟಕಿಯ ಬೆಳಕಿಗೆ ಹಿಡಿದರು. ಹಿಡಿದ ಕೈ ಕೆಳಗಿಳಿಯಲೇ ಇಲ್ಲ. ಬಹಳ ಹೊತ್ತಿನ ಮೇಲೆ ಬಿದಿರಿನ ಗೂಟ ತೆಗೆದು, ಮರದ ಹಿಡಿಯನ್ನು ಕಳಚಿ, ತುಕ್ಕುಗಟ್ಟಿ ಕಪ್ಪಾಗಿದ್ದ ಬುಡದ ಮೇಲಿನ ಅಕ್ಷರಗಳನ್ನು ಓದಿದರು. ಎಲ್ಲವನ್ನೂ ಇದ್ದಂತೆಯೇ ಜೋಡಿಸಿ, ಕೊನೆಗೆ ಕಾಗದವನ್ನು ಬಾಯಿಂದ ತೆಗೆದರು.

"ಯಾರಮ್ಮ ನೀನು?"

"ಗೆನ್‌ಪಚಿ ಮಗಳು. ಅಪ್ಪ ಖಡ್ಗಕ್ಕೆ ಒಡವೆ ಮಾಡ್ತಾರೆ. ನಾನು ಹಿಡಿಗೆ ರೇಷ್ಮೆ ಹುರಿ ಸುತ್ತುತೀನಿ."

"ಇದನ್ನ ಈ ಊರಲ್ಲಿ ಯಾರಾದ್ರೂ ನೋಡಿದಾರಾ?"

"ನೋಡಿದಾರೆ. ನೋಡಿ ನಕ್ಕಿದಾರೆ."

ನಕ್ಕಿದ್ದು ಏಳೆಂಟು ವರ್ಷಗಳ ಹಿಂದೆ. ಹಳೆಯ ಸಮುರಾಯಿ ಮನೆತನದ ಮುದುಕಿಯೊಬ್ಬಳು, ಕೊನೆಗಾಲದಲ್ಲಿ ತನ್ನನ್ನು ನೋಡಿಕೊಂಡ ಗೆನ್‌ಪಚಿಗೆ ಆ ಅಲಗನ್ನು ಕೊಟ್ಟು ಹೋಗಿದ್ದಳು. ಒರೆ ಹುಳು ತಿಂದಿತ್ತು, ಹಿಡಿ ಕೊಳೆತಿತ್ತು. ಗೆನ್‌ಪಚಿ ಅದಕ್ಕೆ ಹೊಸ ಉಡುಪು ಹೊಲಿಸುವಂತೆ ಒಡವೆ ಮಾಡತೊಡಗಿದ. ಯುದ್ಧ ಮುಗಿದ ಮೇಲೆ ಖಡ್ಗದ ಕೆಲಸವೇ ಇಲ್ಲದೆ ಹೆಂಗಸರ ಸೊಂಟಪಟ್ಟಿಗೆ ಕೊಂಡಿ ಮಾಡಿ ಬದುಕಿದ್ದವನು, ಅಷ್ಟೂ ವರ್ಷಗಳ ಹಸಿವನ್ನು ಅದರಲ್ಲಿ ತೀರಿಸಿಕೊಂಡ. ಹಿಡಿಗೂ ಅಲಗಿಗೂ ನಡುವೆ ಬಿಲ್ಲೆಯಂತೆ ಕೂರುವ ಕಬ್ಬಿಣದ ಕೈಗಾವಲಿನ ಮೇಲೆ ಚಿನ್ನದ ಎರಡು ಕಪ್ಪೆಗಳು ಕುಸ್ತಿಗೆ ಬಿದ್ದವು. ಕಮಲದ ಎಲೆಯನ್ನು ಬೀಸಣಿಗೆಯಾಗಿ ಹಿಡಿದ ಬೆಳ್ಳಿಕಪ್ಪೆ ತೀರ್ಪುಗಾರನಾಯಿತು. ಹಿಡಿಯ ರೇಷ್ಮೆಯ ಸಂದಿನಿಂದ ತಾಮ್ರದ ಗೊದಮೊಟ್ಟೆಗಳು ಇಣುಕಿದವು.

ಮದುವೆಗೆ ಸಿಂಗರಿಸಿದ ಮಗಳನ್ನು ಕರೆತರುವವನಂತೆ ಅವನು ಅದನ್ನು ಕೂಟಕ್ಕೆ ತಂದ. ಕೂಟದ ಹಿರಿಯ, ಮದ್ಯದ ಭಟ್ಟಿಯ ಸಾಹುಕಾರ ಉಜಿಹಾರ, ಕಪ್ಪೆಗಳನ್ನು ಕಂಡೊಡನೆ ಹುಬ್ಬೇರಿಸಿದ. ಹಿಡಿ ಕಳಚಿಸಿ ಬುಡದ ಹೆಸರನ್ನು ಓದಿದ: ಸನೆಹಿಸ. ಬಿಜೆನ್ ಸೀಮೆಯ ಹಳಬರಲ್ಲಿ ಹಳಬ. ಅವನ ಕೈಯ ಅಲಗನ್ನು ಕಣ್ಣಾರೆ ಕಂಡವರೇ ವಿರಳ. "ಸನೆಹಿಸನಂಥವನ ಅಲಗಿಗೆ ಸರ್ಕಸ್ಸಿನ ಅಂಗಿ ತೊಡಿಸಿದಾರೇನ್ರಪ್ಪಾ?" ಎಂದು ಉಜಿಹಾರ ನಕ್ಕುಬಿಟ್ಟ. "ಅಂಗಿ ನೋಡಿದ್ರೇ ಗೊತ್ತಾಗಲ್ವಾ, ಹೆಸರು ಸುಳ್ಳು." ಹಳೆಯ ಎಣ್ಣೆಯ ಪೊರೆ ಕಟ್ಟಿದ್ದ ಉಕ್ಕಿನ ಕಡೆಗೆ ಅವನು ಕಣ್ಣು ಹಾಯಿಸಲೇ ಇಲ್ಲ. ಅಂದಿನಿಂದ ಗೆನ್‌ಪಚಿ ಊರ ಬಾಯಲ್ಲಿ ಕಪ್ಪೆ ಗೆನ್‌ಪಚಿಯಾದ. ಅಂಗಡಿಯ ಮುಂದೆ ಹೋಗುವವರು ವಟರ್ ವಟರ್ ಎನ್ನದೆ ಹೋಗುತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ಅರ ಹಿಡಿದವನು ಬರ್ತಾನೆ," ಎಂದಳು ನುಯಿ. "ಹೆಸರನ್ನ ಉಜ್ಜಿ ತೆಗೆಯಕ್ಕೆ. ಅಪ್ಪನೇ ಹೇಳಿಕಳಿಸಿದಾರೆ. ನಾನು ಸತ್ತ ಮೇಲೆ ನಿನಗೊಂದು ಸುಳ್ಳು ಬಿಟ್ಟುಹೋಗಲ್ಲ ಅಂತಾರೆ."

ಮೇಷ್ಟ್ರ ಮುಖ ಬಿಳಿಚಿತು. ಸುಳ್ಳು ಹೆಸರನ್ನು ಅರದಿಂದ ಅಳಿಸುವುದು ಮರ್ಯಾದಸ್ಥರ ರೂಢಿಯೇ ಸರಿ. ಆದರೆ ಒಮ್ಮೆ ಅಳಿಸಿದ ಹೆಸರನ್ನು ದೇವರೂ ಮರಳಿ ಬರೆಯಲಾರ.

"ಇದು ಸುಳ್ಳಲ್ಲ ತಾಯಿ. ಇಂಥ ಇನ್ನೊಂದನ್ನ ನಾನು ನೋಡಿರೋದು ಮ್ಯೂಸಿಯಮ್ಮಿನ ಗಾಜಿನ ಆಚೆ. ನಡಿ, ಈಗಲೇ ಬಂದು ನಿಮ್ಮಪ್ಪನಿಗೆ ಹೇಳ್ತೀನಿ."

ನುಯಿಗೆ ಎದೆ ತುಂಬಿ ಬಂತು, ಆದರೂ ಬೇಡವೆಂದು ತಲೆಯಾಡಿಸಿದಳು. "ನಂಬಲ್ಲ. ಊರಿಗೆ ಬಂದ ದೊಡ್ಡವರು ದಾಕ್ಷಿಣ್ಯಕ್ಕೆ ಅಂದ್ರು ಅಂತಾರೆ. ಅಪ್ಪ ಈ ಊರಲ್ಲಿ ನಂಬೋದು ಒಂದೇ ಜೊತೆ ಕಣ್ಣು, ಉಜಿಹಾರ ಸಾಹುಕಾರ್ರದ್ದು. ಸುಳ್ಳು ಅಂದೋರು ಅವರೇ. ನಿಜ ಅಂತ ಬರೆಯಬೇಕಾದ್ದೂ ಅವರ ಕೈಯೇ."

"ಬರೀದೇ ಹೋದ್ರೆ?"

"ನಾಳೆ ಅರ."

ಮೇಷ್ಟ್ರು ಚೀಲದ ದಾರ ಕಟ್ಟಿದರು. "ನಿಮ್ಮಪ್ಪ ಈಗ ಒರೆ ತೆಗೆದು ನೋಡಿದ್ರೆ?"

"ಮನೇಲಿರೋ ಕಪ್ಪೆ ಒರೆಯೊಳಗೆ ಮರದ ಅಲಗು ಇಟ್ಟು ಬಂದಿದೀನಿ."

ಖಡ್ಗ ಬಿಳಿಯ ಒರೆಯಲ್ಲಿ ಮಲಗಿದಾಗ ಅದರ ಒಡವೆಗಳು ಆಕಾರಗೆಡದಿರಲೆಂದು ಅಲಗಿನ ಅಳತೆಗೇ ಕೆತ್ತಿದ ಮರದ ತುಂಡೊಂದನ್ನು ಅವಕ್ಕೆ ತೊಡಿಸಿಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಮನೆಯ ಪೀಠದ ಮೇಲೆ ಖಡ್ಗ ಎಂದಿನಂತೆಯೇ ಕುಳಿತಿತ್ತು. ಎತ್ತಿದರೆ ಮಾತ್ರ ಹಗುರ.

"ನಾಲ್ಕನೇದಾಗಿ ಇಡು," ಎಂದರು ಮೇಷ್ಟ್ರು.

ಸಭಾಂಗಣ ತುಂಬಿತು. ಅಲಗುಗಳಿದ್ದ ಕೆಂಪು ಜಮಖಾನದ ಬಳಿ ಮಾತು ನಿಷಿದ್ಧ. ಆ ನಷ್ಟವನ್ನೆಲ್ಲ ಸದಸ್ಯರು ಪಕ್ಕದ ಚಹಾದ ಮೂಲೆಯಲ್ಲಿ ತುಂಬಿಕೊಳ್ಳುತ್ತಿದ್ದರು. ತೋಫು ಮಾರುವ ಸೊನೆಯ ನಾಲಿಗೆಯಂತೂ ಬಾಗಿಲಲ್ಲೇ ಬಿಚ್ಚಿಕೊಂಡಿತು.

"ಏನಮ್ಮ ನುಯಿ, ನಿಮ್ಮಪ್ಪ ಕಾಣ್ತಿಲ್ಲ? ಕೊಳ ಬತ್ತಿಹೋಯ್ತಾ?"

"ಮಳೆ ಬಂದ್ರೆ ಬರ್ತಾರೆ ಸೊನೆಯಣ್ಣ. ನಿಮ್ಮ ತೋಫು ಥರ ಮೂರು ಹೊತ್ತೂ ನೀರಲ್ಲೇ ಕೂತಿರಕ್ಕಾಗುತ್ತಾ?"

ನಗೆಯೆದ್ದಿತು. ಉಜಿಹಾರ ನಗಲಿಲ್ಲ. ಅವನಾಗಲೇ ಜಮಖಾನದ ಮುಂದೆ ಮಂಡಿಯೂರಿ ಕುಳಿತಿದ್ದ. ಅಹಂಕಾರಿಯಾದರೂ ಕಣ್ಣುಳ್ಳವನು, ಹಿಂದಿನ ಐದಾರು ವರ್ಷ ಆಟದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಮೊದಲ ಮೂರು ಅಲಗುಗಳನ್ನು ನೀರು ಕುಡಿದಂತೆ ಮುಗಿಸಿದ. ಮೂರಕ್ಕೂ ಮೊದಲ ಚೀಟಿಗೇ ಮೇಷ್ಟ್ರ ಉತ್ತರ ಒಂದೇ: "ತಗುಲಿತು." ಅಂದರೆ ಹೆಸರು ಸರಿ.

ನಾಲ್ಕನೆಯದಕ್ಕೆ ನಮಸ್ಕರಿಸಿ ಅದನ್ನು ಎತ್ತಿದ. ನುಯಿ ಚಹಾ ಬಗ್ಗಿಸುತ್ತಿದ್ದವಳು ಹಾಗೆಯೇ ನಿಂತಳು.

ಅಷ್ಟು ವರ್ಷ ತಿಂಗಳು ತಿಂಗಳೂ ಅವಳು ಕಲ್ಲಿನ ನುಣ್ಣನೆಯ ಪುಡಿ ತಟ್ಟಿ, ಎಣ್ಣೆಯ ಪೊರೆ ತೆಗೆದು ಒರೆಸಿದ್ದ ಉಕ್ಕದು. ಅಂಚಿನುದ್ದಕ್ಕೂ, ಕಾದ ಉಕ್ಕನ್ನು ನೀರಿಗದ್ದಿದಾಗ ಮೂಡಿದ ಬಿಳಿಯ ಗುರುತುಗಳು ಲವಂಗದ ಮೊಗ್ಗುಗಳಂತೆ ಒತ್ತೊತ್ತಾಗಿ ಅರಳಿದ್ದವು. ಅವುಗಳ ಮೇಲ್ಗಡೆ, ಬೆಳಗಿನ ಗದ್ದೆಯ ಮೇಲೆ ನಿಂತ ಮಂಜಿನಂತೆ, ಹಿಡಿಯಲು ಹೋದರೆ ಜಾರುವ ಒಂದು ಮಸುಕು ಹೊಳಪು. ಉಜಿಹಾರ ಅಲಗನ್ನು ಓರೆ ಮಾಡಿದ, ನೇರ ಮಾಡಿದ, ಮತ್ತೆ ಓರೆ ಮಾಡಿದ. ಅವನ ಕಿವಿಯ ತುದಿ ಕೆಂಪಾಯಿತು.

ಎದ್ದು ಬಂದು ಚೀಟಿ ಬರೆದು ಮೇಷ್ಟ್ರ ಮುಂದಿಟ್ಟ.

"ಸೀಮೆ ಸರಿ," ಎಂದರು ಮೇಷ್ಟ್ರು. ಬಿಜೆನ್ ಎಂಬುದು ಸರಿ, ಕೈ ಬೇರೆ.

ಗುಂಪು ಗುಸುಗುಟ್ಟಿತು. ಸಾಹುಕಾರ್ರು ಮೊದಲ ಚೀಟಿಗೆ ತಪ್ಪಿದರೇ! "ಬಿಡಿ ಯಜಮಾನ್ರೇ, ನಂಗೂ ಒಂದು ಅವಕಾಶ ಬೇಕಲ್ಲ," ಎಂದು ಸೊನೆ ಕೆಣಕಿದ. ಉಜಿಹಾರನಿಗೆ ಅದು ಕೇಳಿಸಲೇ ಇಲ್ಲ. ಮರಳಿ ಹೋಗಿ ಅಲಗಿನ ಮುಂದೆ ಕುಳಿತ. ಎರಡನೆಯ ಚೀಟಿಯಲ್ಲಿ ಸನೆಹಿಸನ ಮಗನ ಹೆಸರು ಬರೆದ.

"ಮನೆತನ ಸರಿ."

ಇನ್ನೊಂದೇ ಚೀಟಿ. ಮಗನಲ್ಲವಾದರೆ ಉಳಿದವರು ತಂದೆ, ಇಲ್ಲವೇ ಇಬ್ಬರು ಶಿಷ್ಯರು. ಉಜಿಹಾರ ಕುಂಚವನ್ನು ಮಸಿಗೆ ಅದ್ದಿದ, ಬರೆಯಲಿಲ್ಲ. ಮೆಲ್ಲನೆ ತಲೆಯೆತ್ತಿ, "ಮೇಷ್ಟ್ರೇ, ನನ್ನ ತಲೆಗೆ ಬರ್ತಿರೋ ಹೆಸರಿನ ಅಲಗು ಈ ಊರಿಗೆ ಬರಕ್ಕೆ ಸಾಧ್ಯವೇ ಇಲ್ಲ," ಎಂದ.

"ನಾನು ಕೇಳ್ತಿರೋದು ನಿಮ್ಮ ಕಣ್ಣನ್ನ. ಊರನ್ನಲ್ಲ."

ಉಜಿಹಾರನ ನೋಟ ಸಭೆಯ ಮೇಲೆ ಹರಿಯಿತು; ಹರಿಯುತ್ತ ಬಂದು ನುಯಿಯ ಮೇಲೆ ನಿಂತಿತು. ಏನನ್ನೋ ನೆನಪಿಸಿಕೊಳ್ಳುವವನಂತೆ ಅವನ ಹಣೆ ಗಂಟಿಕ್ಕಿತು. ನುಯಿ ಬಗ್ಗಿ, ಖಾಲಿ ಬಟ್ಟಲಿಗೆ ಇಲ್ಲದ ಚಹಾ ಬಗ್ಗಿಸಿದಳು. ಅವನು ಕುಂಚವನ್ನು ಕೆಳಗಿಟ್ಟು ಕೊನೆಯ ಸಲಕ್ಕೆಂದು ಜಮಖಾನದ ಬಳಿ ಹೋಗಿ, ಅಲಗನ್ನು ಎತ್ತಿ ಬೆಳಕಿಗೆ ಹಿಡಿದ.

ಆಗಲೇ ಬಾಗಿಲು ಸರಕ್ಕನೆ ಸರಿಯಿತು.

ಹೊಸ್ತಿಲಲ್ಲಿ ಗೆನ್‌ಪಚಿ! ಒಂದು ಕಾಲಲ್ಲಿ ಮರದ ಚಪ್ಪಲಿ, ಇನ್ನೊಂದು ಕಾಲು ಬರಿದು. ಎದೆಗವಚಿಕೊಂಡ ಕಪ್ಪು ಮೆರುಗಿನ ಒರೆ; ಅದರ ನೆತ್ತಿಯಲ್ಲಿ ಫಳಫಳ ಹೊಳೆಯುವ ಕುಸ್ತಿಯ ಕಪ್ಪೆಗಳು. ಕೈಗೆ ಹಗುರವೆನಿಸಿ ಒರೆ ಎಳೆದಿದ್ದಾನೆ, ಮರದ ತುಂಡನ್ನು ಕಂಡಿದ್ದಾನೆ, ಓಡಿ ಬಂದಿದ್ದಾನೆ. ಕೂಗಲೆಂದು ಬಾಯಿ ತೆರೆದಾಗಿತ್ತು.

ಉಜಿಹಾರ ಇನ್ನೂ ಬೆನ್ನು ಮಾಡಿಯೇ ಇದ್ದ. ಒಂದು ಮಾತು ಹೊರಬಿದ್ದರೆ ಅವನು ತಿರುಗುತ್ತಾನೆ. ತಿರುಗಿದರೆ ಕಪ್ಪೆ. ಕಪ್ಪೆ ಕಂಡರೆ ಎಲ್ಲವೂ ಮುಗಿಯಿತು.

ನುಯಿಗೆ ಓಡಲು ಹೊತ್ತಿರಲಿಲ್ಲ. ನಿಂತಲ್ಲಿಂದಲೇ ಒಂದು ಬೆರಳನ್ನು ತುಟಿಗೆ ಒತ್ತಿ, ಇನ್ನೊಂದು ಕೈಯನ್ನು ಜಮಖಾನದ ಕಡೆಗೆ ಚಾಚಿದಳು. ಅಪ್ಪಾ, ಅಲಗು ಒರೆಯ ಹೊರಗಿದೆ.

ಅರವತ್ತು ವರ್ಷ ಖಡ್ಗಗಳ ನಡುವೆ ಬಾಳಿದವನ ಬಾಯಿ ಮನಸ್ಸಿನ ಅಪ್ಪಣೆಗೆ ಕಾಯಲಿಲ್ಲ, ತಾನಾಗಿ ಮುಚ್ಚಿಕೊಂಡಿತು. ಒರೆಯಿಲ್ಲದ ಉಕ್ಕಿನೆದುರು ಕೂಗುವುದೆಂದರೆ ಅವನಿಗೆ ಮಲಗಿದ ಮಗುವಿನ ಮುಖಕ್ಕೆ ಉಗುಳಿದಂತೆ. ಸಿಟ್ಟಿನಿಂದ ಕೆನ್ನೆ ಉಬ್ಬಿದವು, ಕಣ್ಣು ಕೆಂಡವಾದವು. ನುಯಿ ಹತ್ತಿರ ಬಂದು ಅವನ ತೋಳು ಹಿಡಿದು ಕಂಬದ ಹಿಂದೆ ಕೂರಿಸಿದಳು. ಕೂರುವಾಗ ಅವನು ಕಪ್ಪೆಗಳನ್ನು ನಿಲುವಂಗಿಯ ಮಡಿಕೆಯೊಳಗೆ ತುರುಕಿಕೊಂಡ. ಉಳಿದವರ ಕಣ್ಣೆಲ್ಲ ಉಜಿಹಾರನ ಮೇಲಿತ್ತು; ಸೊನೆ ಮಾತ್ರ ಎಲ್ಲವನ್ನೂ ಕಂಡಿದ್ದ. ಅವನ ಬಾಯಿ ಅರಳುತ್ತ ಹೋಯಿತು. ನುಯಿ ಅವನನ್ನು ನೋಡಿದಳು. ಸಭೆಯಲ್ಲಿ ಯಾರೂ ಯಾರನ್ನೂ ಹಾಗೆ ನೋಡಬಾರದು, ಹಾಗೆ ನೋಡಿದಳು. ಸೊನೆ ಬಾಯಿಗೆ ಅಕ್ಕಿಯ ಬಿಸ್ಕತ್ತು ತುಂಬಿಕೊಂಡ.

ಉಜಿಹಾರ ಅಲಗನ್ನು ಇಳಿಸಿ, ನಮಸ್ಕರಿಸಿ ಎದ್ದ. ಯಾರನ್ನೂ ನೋಡಲಿಲ್ಲ. ನೇರವಾಗಿ ಹೋಗಿ ಕುಂಚ ಹಿಡಿದು, ಎರಡೇ ಎರಡು ಚಿತ್ರಾಕ್ಷರ ಬರೆದು, ಚೀಟಿಯನ್ನು ಎರಡೂ ಕೈಗಳಲ್ಲಿ ಒಪ್ಪಿಸಿದ.

ಮೇಷ್ಟ್ರು ಓದಿದರು. ಮತ್ತೊಮ್ಮೆ ಓದಿದರು. ಚೀಟಿಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ ಹಿಡಿದರು.

"ತಗುಲಿತು."

ಸನೆಹಿಸ.

ಕಂಬದ ಹಿಂದೆ ಗೆನ್‌ಪಚಿ ಬಿಗಿಹಿಡಿದು ಬಿಟ್ಟ ಉಸಿರು ನುಯಿಯ ಕುತ್ತಿಗೆಗೆ ಬಿಸಿಯಾಗಿ ತಾಗಿತು. ಅಲಗನ್ನು ಒರೆಗೆ ಸೇರಿಸಿ, ಬುಡದ ಬಟ್ಟೆ ಬಿಚ್ಚಿ, ಹೆಸರನ್ನು ಬೆಳಕಿಗೆ ತೋರಿಸುವ ಗೌರವವನ್ನು ಮೇಷ್ಟ್ರು ಗೆದ್ದವನಿಗೇ ಕೊಟ್ಟರು. ಅಕ್ಷರ ಕಂಡೊಡನೆ ಉಜಿಹಾರನ ಕಣ್ಣಲ್ಲಿ ನೀರಾಡಿತು. ಇಡೀ ಸಭೆಗೆ ಕೇಳುವಂತೆ ಹೇಳಿದ:

"ನೋಡಿ, ಎಲ್ರೂ ಹತ್ರ ಬಂದು ನೋಡಿ! ಆ ಮಂಜು, ಆ ಮೊಗ್ಗು ಬೇರೆ ಯಾರ ಕೈಗೂ ಬಂದಿಲ್ಲ. ಹೆಸರೇ ಕೆತ್ತದೆ ಇದ್ರೂ ಇದು ಸನೆಹಿಸಂದೇ. ಇದನ್ನ ಸುಳ್ಳು ಅನ್ನೋನು ಕಣ್ಣನ್ನ ಅಡವಿಟ್ಟು ಬಂದಿರಬೇಕು. ಯಾವ ಪುಣ್ಯಾತ್ಮರ ಮನೇದು ಮೇಷ್ಟ್ರೇ? ಕ್ಯೋಟೋದವರದಾ?"

ಮೇಷ್ಟ್ರು ಚಹಾ ಗುಟುಕರಿಸಿದರು.

"ನಮ್ಮನೇದು," ಎಂದಿತು ಕಂಬದ ಹಿಂದಿನ ದನಿ.

ಗೆನ್‌ಪಚಿ ಒಂಟಿ ಚಪ್ಪಲಿಯನ್ನು ಕಳಚಿ ನಡುಸಭೆಗೆ ಬಂದ. ನಿಲುವಂಗಿಯ ಮಡಿಕೆಯಿಂದ ಕಪ್ಪೆಗಳು ಹೊರಬಂದವು.  ಚಾಪೆಯ ಮೇಲೆ ಕುಳಿತು, ಗೂಟ ತೆಗೆದು, ಮರದ ಅಲಗನ್ನು ಎಳೆದು ಪಕ್ಕಕ್ಕಿಟ್ಟು, ಸನೆಹಿಸನನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡ. ಕತ್ತುಪಟ್ಟಿ, ಉಂಗುರ, ಕೈಗಾವಲು, ಮತ್ತೆ ಉಂಗುರ, ಹಿಡಿ. ಅಲಗಿನ ಬುಡಕ್ಕೆ ಒಂದರ ಮೇಲೊಂದು ಕೂತವು. ಕೊನೆಗೆ ಗೂಟ ಬಡಿದ. ಕಿವಿಯ ಬಳಿ ಹಿಡಿದು ಅಲುಗಿಸಿದ. ಟಿಕ್ ಎಂಬ ಸದ್ದೂ ಇಲ್ಲ.

 ಉಜಿಹಾರನ ಚೀಟಿ ಮೇಷ್ಟ್ರ ಮುಂದೆ ಬಿದ್ದಿತ್ತು. ಮಸಿ ಇನ್ನೂ ಒಣಗಿರಲಿಲ್ಲ. ಸುತ್ತಲಿದ್ದವರು ಒಮ್ಮೆ ಅದನ್ನು, ಒಮ್ಮೆ ಅವನನ್ನು ನೋಡುತ್ತಿದ್ದರು. ಹೇಗೋ ಜಾರಿಕೊಳ್ಳಬಹುದಿತ್ತು, ಎದ್ದು ಹೋಗಬಹುದಿತ್ತು. ಆದರೆ ಅವನು ಮೆಲ್ಲನೆ ಮುಂದೆ ಸರಿದು, ಅಂಗೈಗಳನ್ನು ಊರಿ, ಹಣೆ ಚಾಪೆಗೆ ತಾಗುವಷ್ಟು ಬಾಗಿದ.

"ಅವತ್ತು ನಾನು ಖಡ್ಗ ನೋಡ್ಲಿಲ್ಲ ಗೆನ್‌ಪಚಿಯವರೇ. ಕಪ್ಪೆ ನೋಡ್ದೆ."

"ಕಪ್ಪೆನೂ ನೋಡ್ಲಿಲ್ಲ ನೀವು," ಎಂದ ಗೆನ್‌ಪಚಿ. ದನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸಗಾರನ ಹಟವಿತ್ತು. ಒರೆಗೆ ಸೇರಿದ ಖಡ್ಗವನ್ನು ಅವನ ಕೈಗೇ ಕೊಟ್ಟ. "ಈಗ ನೋಡಿ. ಯಾರು ಗೆಲ್ತಾರೆ ಹೇಳಿ."

ಉಜಿಹಾರ ಕೈಗಾವಲನ್ನು ಕಣ್ಣ ಬಳಿಗೆ ತಂದ. "ದಪ್ಪಂದು. ಸಣ್ಣದನ್ನ ಆಚೆ ತಳ್ಳೇಬಿಟ್ಟಿದೆ."

"ತಿರುಗಿಸಿ."

ತಿರುಗಿಸಿದ. ಕೈಗಾವಲಿನ ಹಿಂಬದಿಯಲ್ಲಿ ಅದೇ ಕುಸ್ತಿ ಬೆನ್ನ ಕಡೆಯಿಂದ ಕಾಣುತ್ತಿತ್ತು. ಸೋಲುತ್ತಿದೆಯೆಂದು ತೋರಿದ್ದ ಸಣ್ಣಕಪ್ಪೆ ತನ್ನ ಹಿಮ್ಮಡಿಯನ್ನು ದಪ್ಪಕಪ್ಪೆಯ ಕಾಲಿಗೆ ಹಿಂದಿನಿಂದ ತೊಡರಿಸಿಯಾಗಿತ್ತು. ದಪ್ಪದರ ಒಂದು ಕಾಲು ಆಗಲೇ ನೆಲ ಬಿಟ್ಟಿತ್ತು. ಅದರ ಮುಖಕ್ಕೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಉಜಿಹಾರನ ಗಂಟಲಿಂದ ವಿಚಿತ್ರ ಸದ್ದೊಂದು ಹೊರಟಿತು. ಅಳುವೆಂದು ನುಯಿ ಬೆಚ್ಚಿದಳು, ನಗು ಅದು. ಹೊಟ್ಟೆಯ ಬುಡದಿಂದ ಎದ್ದು, ಭುಜ ಕುಲುಕಿಸಿ, ಕನ್ನಡಕ ಜಾರಿಸಿದ ನಗು. "ಅಯ್ಯೋ, ಆ ದಪ್ಪಂದರ ಮೂತಿ ನೋಡ್ರಯ್ಯಾ! ನನ್ನ ಮೂತಿನೇ!" ಎಂದ. ಖಡ್ಗ ಕೈಯಿಂದ ಕೈಗೆ ಹೋಯಿತು; ಪ್ರತಿಯೊಬ್ಬನೂ ತಿರುಗಿಸಿದ, ಪ್ರತಿಯೊಬ್ಬನೂ ನಕ್ಕ. ಸೊನೆ ಎರಡು ಸಲ ಸರದಿ ಹಿಡಿದ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಸನೆಹಿಸ ಇದ್ದಿದ್ರೆ ಇದೇ ಅಂಗಿ ಕೇಳ್ತಿದ್ದ," ಎಂದರು. ಆ ನಗೆಯನ್ನು ಕೇಳುತ್ತ ನುಯಿ ಕೈಯ ಹೂಜಿಯನ್ನು ಕೆಳಗಿಟ್ಟಳು. ಅಪ್ಪ ಅಷ್ಟು ವರ್ಷಗಳ ಹಿಂದೆ ಕಪ್ಪೆಗಳನ್ನು ಕಡೆದದ್ದು ಈ ನಗುವಿಗಾಗಿಯೇ. ಬಂದದ್ದು ಬೇರೆಯ ನಗು. ಇವತ್ತು ಸರಿಯಾದದ್ದು ಬಂದಿತ್ತು.

"ಅರದವನಿಗೆ ಹೇಳಿಕಳಿಸ್ಲಾ ಅಪ್ಪಾ, ಬರೋದು ಬೇಡ ಅಂತ?" ಎಂದು ಮೆಟ್ಟಿಲಿಳಿಯುವಾಗ ಕೇಳಿದಳು.

"ಬರ್ಲಿ. ಬಂದು ನೋಡ್ಕೊಂಡು ಹೋಗ್ಲಿ, ಏನನ್ನ ಉಜ್ಜಕ್ಕೆ ಹೊರಟಿದ್ದ ಅಂತ. ಮತ್ತೆ ನೀನು..." ಗೆನ್‌ಪಚಿ ನಿಂತು ಮಗಳತ್ತ ತಿರುಗಿದ. "ಅಪ್ಪನ ಮನೇಲೇ ಕಳ್ಳತನ ಮಾಡ್ತೀಯಾ, ಗಯ್ಯಾಳಿ?"

"ಮಾಡ್ತೀನಿ."

"ಹೂಂ," ಎಂದ. ಅಷ್ಟೇ.

ಮನೆಗೆ ಹೋಗಲು ಎರಡು ದಾರಿ. ಹೊಳೆಯ ಬದಿಯ ಓಣಿ ಹತ್ತಿರದ್ದು, ಜನರಿಲ್ಲದ್ದು. ನುಯಿ ಅಭ್ಯಾಸಬಲದಿಂದ ಅತ್ತ ತಿರುಗಿದಳು. ಗೆನ್‌ಪಚಿ ತಿರುಗಲಿಲ್ಲ. ಚೀಲದಲ್ಲಿಟ್ಟ ಖಡ್ಗವನ್ನು ಹೆಗಲಿಗೇರಿಸಿ, ಸೊನೆ ಬಲವಂತದಿಂದ ಕೊಟ್ಟ ಎರವಲು ಚಪ್ಪಲಿಯಲ್ಲಿ ಕಟಕಟ ಸದ್ದು ಮಾಡುತ್ತ, ಪೇಟೆಯ ಹೆದ್ದಾರಿಗೆ ಇಳಿದ. ಅಂಚಿನಲ್ಲೂ ಅಲ್ಲ, ನಟ್ಟನಡುವೆ. ಅಂಗಡಿಗಳವರು ಹೊಸ್ತಿಲಿಗೆ ಬಂದರು. ಸುದ್ದಿ ಅವರಿಗಿಂತ ಮುಂಚೆಯೇ ಬಂದಿತ್ತು. ಅಕ್ಕಿ ಅಂಗಡಿಯವನು ಬಾಗಿದ, ಔಷಧಿಯವನು ಬಾಗಿದ. ಗೆನ್‌ಪಚಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಗದ್ದ ಅಲ್ಲಾಡಿಸಿದ.

ಹಿಂದಿನಿಂದ ಬಸ್ಸು ಬಂದು ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು.

"ತಾತಾ! ಪಕ್ಕಕ್ಕೆ ಸರೀರಿ! ರಸ್ತೆ ಏನು ನಿಮ್ಮ ಅಪ್ಪಂದಾ?" ಎಂದು ಚಾಲಕ ಕಿಟಕಿಯಿಂದ ಕೂಗಿದ.

"ಇವತ್ತು ಹೌದಪ್ಪಾ!" ಎಂದು ಗೆನ್‌ಪಚಿ ತಿರುಗದೆಯೇ ಕೂಗಿ ಹೇಳಿದ.

ಅವನ ತೋಳು ಹಿಡಿದು ಅಂಚಿಗೆ ಎಳೆಯಲೆಂದು ನುಯಿ ಎರಡು ಹೆಜ್ಜೆ ಓಡಿದಳು. ತೋಳು ಸಿಕ್ಕಿತು. ಎಳೆಯಲಿಲ್ಲ. ಅದನ್ನೇ ಹಿಡಿದುಕೊಂಡು, ತಲೆಯೆತ್ತಿ, ಅವನ ಪಕ್ಕದಲ್ಲಿ ರಸ್ತೆಯ ನಡುವೆಯೇ ನಡೆದಳು. ಬಸ್ಸು ಹಿಂದಿನಿಂದ ತೆವಳುತ್ತ ಬಂತು.